ಜೋಗಿಮಟ್ಟಿಗೆ ಬಾ, ಅವ್ವನನ್ನೂ ಕರೆದುಕೊಂಡು

ಪ್ರೀತಿಯ ಮಂಜು,

ದಸರಾ ರಜೆಯಲ್ಲಿ ಮಕ್ಕಳಿಗೆ ಕಾಡು ತೋರಿಸಬೇಕು, ಆದರೆ ಅವ್ವನ ಮಂಡಿನೋವು ನೋಡಿದರೆ ದೂರದ ಬೆಟ್ಟ ಆಗಲ್ಲ ಅಂದಿದ್ದೆಯಲ್ಲ. ದೂರ ಯಾಕೋ? ದಾವಣಗೆರೆಯಿಂದ ಹೈವೇ ಹಿಡಿದರೆ ದುರ್ಗ 60 ಕಿಲೋಮೀಟರ್. ಅಲ್ಲಿಂದ ಜೋಗಿಮಟ್ಟಿ ಬರೀ 10. ಚಿತ್ರದುರ್ಗ ಅಂದರೆ ಕೋಟೆ, ಬಂಡೆ, ಬಿಸಿಲು ಅಂತಲೇ ಎಲ್ಲರೂ ಅಂದುಕೊಂಡಿದ್ದಾರೆ. ಆ ಕೋಟೆಯ ಬೆನ್ನಿಗೇ 3803 ಅಡಿ ಎತ್ತರದ ಕಾಡುಗುಡ್ಡ ಇದೆ. ನೆತ್ತಿಯವರೆಗೂ ರಸ್ತೆ ಇರೋದರಿಂದ ಅವ್ವ ಗಾಡಿಯಲ್ಲೇ ಮೇಲೆ ಬರಬಹುದು. ನಾವು ಮಕ್ಕಳ ಜೊತೆ ಕೊನೆಯ ಒಂದೆರಡು ಕಿಲೋಮೀಟರ್ ನಡೆಯೋಣ, ಸಾಕು.

ಸಾಕು ಅನ್ನೋದನ್ನು ನಾನು ಕಷ್ಟಪಟ್ಟು ಕಲಿತಿದ್ದೇನೆ. ಎರಡು ವರ್ಷದ ಹಿಂದೆ ಮಾರ್ಚಿನಲ್ಲಿ ಮಗಳನ್ನು ಕೆಳಗಿನಿಂದಲೇ ನಡೆಸಿಕೊಂಡು ಹೊರಟಿದ್ದೆ. ಎಲೆ ಎಲ್ಲ ಉದುರಿ ಗಿಡಗಳು ಬೋಳಾಗಿದ್ದವು, ನೆರಳೇ ಇರಲಿಲ್ಲ. ನಾಲ್ಕು ಜನಕ್ಕೆ ಎರಡೇ ಬಾಟಲಿ ನೀರು. ಅರ್ಧ ದಾರಿಯಲ್ಲಿ ಅವಳು ಕೂತುಬಿಟ್ಟಳು. ಇಲ್ಲಿತನಕ ಬಂದು ತುದಿ ನೋಡದೆ ಹೋಗೋದಾ ಅಂತ ಗದರಿದೆ. ಅವಳ ಮುಖ ಕೆಂಪಾಗಿ, ತುಟಿ ಒಣಗಿ ಬಿಳಿಚಿಕೊಂಡಿದ್ದು ಆಮೇಲೆ ಕಣ್ಣಿಗೆ ಬಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತೆ.

ಮಳೆ ಮುಗಿದ ಮೇಲೆ ಹೋಗಿ ನೋಡು, ಅದೇ ಗುಡ್ಡ ಬೇರೆ. ಹೋದ ಸಲ ಅದೇ ಮಗಳು ಒಂದು ಬಂದರಿಕೆ ಗಿಡದ ಹತ್ತಿರವೇ ಅರ್ಧ ಗಂಟೆ ನಿಂತಳು. ಅದರ ಎಲೆ ಅರಗು ಸವರಿದ ಹಾಗೆ ಮಿರಮಿರ ಅನ್ನುತ್ತೆ, ಮುಟ್ಟಿದರೆ ಬೆರಳಿಗೆ ಅಂಟುತ್ತೆ. ಕಾಯಿ ತೆಳ್ಳಗೆ ಕಾಗದದಂತೆ, ಅಂಚಿಗೆಲ್ಲ ರೆಕ್ಕೆ. ಅಂಗೈ ಮೇಲಿಟ್ಟು ಊದಿದಳು, ಗಾಳಿ ಅದನ್ನು ಎತ್ತಿಕೊಂಡು ಹೋಯಿತು. ಜೋಗಿಮಟ್ಟಿಯ ಗಾಳಿ ನಿನಗೆ ಗೊತ್ತಲ್ಲ, ಸುತ್ತಲ ಗುಡ್ಡಗಳ ಮೇಲೆಲ್ಲ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಅವ್ವನಿಗೆ ಒಂದು ಶಾಲು ಇಟ್ಟುಕೋ.

ಜೋಗಿಮಟ್ಟಿ ಈಗ ವನ್ಯಜೀವಿ ಧಾಮ ಕಣೋ. ಚಿರತೆ, ಕರಡಿ, ನವಿಲು, ಕೊಂಡುಕುರಿ ಎಲ್ಲ ಇವೆ. ನಾಲ್ಕು ಕೊಂಬಿನ ಆ ಕೊಂಡುಕುರಿಗೆ ನಿಮ್ಮ ಕಡೆ ಜಗಳೂರಿನ ರಂಗಯ್ಯನದುರ್ಗದಲ್ಲೂ ಒಂದು ಧಾಮ ಇದೆಯಲ್ಲ. ನಮಗೆ ಕಾಣುತ್ತೋ ಇಲ್ಲವೋ, ಮಕ್ಕಳಿಗೆ ಆಸೆ ಹುಟ್ಟಿಸಬೇಡ. ಆದರೆ ಕರಡಿ ಸಂಜೆಗತ್ತಲಾದರೆ ಹೊರಡುತ್ತೆ, ಅದಕ್ಕೇ ಬೆಳಕಿರುವಾಗಲೇ ಇಳಿದುಬಿಡೋಣ. ಗೇಟಿನಲ್ಲಿ ಕೇಳಿಕೊಂಡು, ರಸ್ತೆ ಬಿಡದೆ ನಡೆಯೋದು. ಪೊದೆಯೊಳಗೆ ಸೀತಾಫಲ ಕಂಡರೂ ನುಗ್ಗಬಾರದು. ಆ ಹಣ್ಣು ಕಾಡಿನವರದು, ನಮಗೆ ಸಂತೆಯಲ್ಲಿ ಸಿಗುತ್ತೆ.

ಇಳಿದ ಮೇಲೆ ಮಕ್ಕಳ ಕಾಲಲ್ಲಿ ಇನ್ನೂ ಕಸುವಿದ್ದರೆ ಚಂದ್ರವಳ್ಳಿ ಕಣಿವೆಗೂ ಹೋಗೋಣ. ಕೆರೆ ದಂಡೆ ಮೇಲೆ ಸಲೀಸಾಗಿ ನಡೆಯಬಹುದು. ಭೈರವೇಶ್ವರ ಗುಡಿ ಪಕ್ಕದ ಬಂಡೆ ಮೇಲೆ ಕದಂಬರ ಮಯೂರಶರ್ಮ ಬರೆಸಿದ ಶಾಸನ ಇದೆ. ಕೆರೆ ಕಟ್ಟಿಸಿದ ವಿಷಯವದು, 4ನೇ ಶತಮಾನದ್ದು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಸಾಹೇಬರು ಹಳೇ ಕಾಲದ ಕುರುಹು ಹುಡುಕಿ ಅಗೆಸಿದ್ದೂ ಈ ಕಣಿವೆಯನ್ನೇ. ಅಂಕಲಿ ಮಠದ ಗುಹೆಗೆ ಮಾತ್ರ ಅವ್ವ ಬೇಡ, ಒಳಗೆ ಕತ್ತಲು, ಬಗ್ಗಿ ಬಗ್ಗಿ ಹೋಗಬೇಕು. ನೀನು ದೊಡ್ಡವನನ್ನು ಕರೆದುಕೊಂಡು ಟಾರ್ಚ್ ಹಿಡಿದು ಹೋಗಿ ಬಾ. ಚಿಕ್ಕವಳ ಜೊತೆ, ಅವ್ವನ ಜೊತೆ ನಾನು ದಂಡೆ ಮೇಲೆ ಕೂತಿರ್ತೀನಿ.

ಮೊಸರನ್ನ, ಸೌತೆಕಾಯಿ, ನೀರಿನ ಕ್ಯಾನು ನಮ್ಮನೆಯಿಂದ. ನೀನು ಮಂಡಕ್ಕಿ ತಾ. ಆದರೆ ಕೋತಿಗಳ ಕಣ್ಣಿಗೆ ಬೀಳದ ಹಾಗೆ ಬಟ್ಟೆ ಚೀಲದೊಳಗೆ ಕಟ್ಟಿಕೊಂಡು ಬಾ. ಏಳೂವರೆಗೆ ದುರ್ಗದ ಬಸ್ ಸ್ಟ್ಯಾಂಡ್ ಹತ್ತಿರ ಕಾಯ್ತಿರ್ತೀನಿ.

ನಿನ್ನ,
ದುರ್ಗದ ಗೆಳೆಯ