ಪುಟ್ಟನ ದೋಣಿಯ ವಿಷಯವಾಗಿ

ಇನ್ವರ್ನೆಸ್, ಸ್ಕಾಟ್ಲೆಂಡ್
ಗುರುವಾರ ರಾತ್ರಿ

ತೀರ್ಥರೂಪ ಅಪ್ಪನವರ ಪಾದಗಳಿಗೆ ಸುಮ ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಆಯಿ, ಅಜ್ಜಿ, ಪುಟ್ಟ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಪುಟ್ಟ ದೋಣಿ ಕೊಳ್ಳಲು ಹೊರಟಿದ್ದಾನೆಂದು ನೀವು ಬರೆದ ಪತ್ರ ಮೊನ್ನೆ ಕೈಸೇರಿತು. ಫೋನಿನಲ್ಲಿ ಮಾತಾಡುವಾಗ ಪುಟ್ಟ ಪಕ್ಕದಲ್ಲೇ ಕುಳಿತಿರುತ್ತಾನೆಂದು ನೀವು ಪತ್ರ ಬರೆದಿರಿ. ಅದೇ ಕಾರಣಕ್ಕೆ ನಾನೂ ಉತ್ತರವನ್ನು ಕಾಗದದ ಮೇಲೆಯೇ ಬರೆಯುತ್ತಿದ್ದೇನೆ.

ಮೊದಲು ನನ್ನ ವಿಷಯ ಮುಗಿಸಿಬಿಡುತ್ತೇನೆ. ನಾನು ದುಡ್ಡು ಕಟ್ಟಿ ಪಂದ್ಯ ಆಡುತ್ತಿದ್ದೇನೆಂದು ಸಣ್ಣಮಾವ ನಿಮಗೆ ಹೇಳಿದ್ದು ನಿಜವಲ್ಲ. ಬುಧವಾರ ಸಂಜೆ ಡ್ಯೂಟಿ ಇಲ್ಲದಿದ್ದರೆ ಆಸ್ಪತ್ರೆಯ ಹಿರಿಯ ನರ್ಸ್ ಒಬ್ಬರ ಜೊತೆ ಅವರ ಹಾಯಿದೋಣಿಯಲ್ಲಿ ಕುಳಿತು ಮುಂದಿನ ಸಣ್ಣ ಹಾಯಿಯ ಹಗ್ಗ ಹಿಡಿಯುತ್ತೇನೆ, ಅಷ್ಟೇ. ಗೆದ್ದವರಿಗೆ ವರ್ಷದ ಕೊನೆಯಲ್ಲಿ ಒಂದು ಗಾಜಿನ ಲೋಟ ಕೊಡುತ್ತಾರೆ, ಅದೂ ನಮಗೆ ಇನ್ನೂ ಸಿಕ್ಕಿಲ್ಲ. ಡಿಂಗಿ ಎಂದು ಇವರು ಕರೆಯುವ ಈ ದೋಣಿ ನಮ್ಮ ಪಾತಿಗಿಂತಲೂ ಗಿಡ್ಡ, 3.3 ಮೀಟರ್ ಉದ್ದ, ಎಂಜಿನ್ ಇಲ್ಲ, ಹಾಯಿಯ ಬಣ್ಣ ಕೆಂಪು. ಸಾಧಾರಣ ಸಂಬಳದವರೂ ಮನೆಯಲ್ಲೇ ಕಟ್ಟಿಕೊಳ್ಳಲೆಂದು 1960ರ ದಶಕದ ಆರಂಭದಲ್ಲಿ ಡೈಲಿ ಮಿರರ್ ಪತ್ರಿಕೆಯವರು ಇದನ್ನು ಹೊರತಂದರಂತೆ. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು ಮೇಲೆ ಅಂಟು ಹಾಕುತ್ತಾರೆ. ಹೊಲಿದ ದೋಣಿಯೇ ಎಂದು ನೀವು ನಗಬೇಡಿ. ನಮ್ಮ ಕರಾವಳಿಯಲ್ಲೂ ಹಿಂದೆ ತೆಂಗಿನ ನಾರಿನ ಹಗ್ಗದಿಂದ ದೋಣಿ ಹೊಲಿಯುತ್ತಿದ್ದರೆಂದು ನನಗೆ ಹೇಳಿದವರು ನೀವೇ.

ಇವರ ಲೆಕ್ಕಾಚಾರ ಮಾತ್ರ ನಿಮಗೆ ಇಷ್ಟವಾಗುತ್ತದೆ. ಬೇರೆ ಬೇರೆ ಜಾತಿಯ ದೋಣಿಗಳು ಒಟ್ಟಿಗೆ ಓಡುವುದರಿಂದ ಪ್ರತಿ ಜಾತಿಗೂ ಒಂದು ಸಂಖ್ಯೆ ಇದೆ. ನಿಧಾನದ ದೋಣಿಗೆ ದೊಡ್ಡ ಸಂಖ್ಯೆ. ತೆಗೆದುಕೊಂಡ ಸಮಯವನ್ನು 1000ದಿಂದ ಗುಣಿಸಿ ಆ ಸಂಖ್ಯೆಯಿಂದ ಭಾಗಿಸುತ್ತಾರೆ. ಲೇಸರ್ ಎಂಬ ಚುರುಕು ದೋಣಿಗೆ ಸುಮಾರು 1100, ನಮ್ಮದಕ್ಕೆ ಸುಮಾರು 1390. ಲೇಸರ್ 60 ನಿಮಿಷದಲ್ಲಿ ಮುಗಿಸಿ ದಡದಲ್ಲಿ ಚಹಾ ಕುಡಿಯುತ್ತಿರುವಾಗ ನಾವು 75 ನಿಮಿಷಕ್ಕೆ ತಲುಪಿದರೂ ಲೆಕ್ಕದಲ್ಲಿ ಅರ್ಧ ನಿಮಿಷದಿಂದ ನಾವೇ ಮುಂದೆ! ಒಮ್ಮೆ ದೋಣಿ ಮಗುಚಿದ್ದೂ ನಿಜ. ಇಷ್ಟು ಓದಿದ ಕೂಡಲೇ ಆಯಿ ದೇವರಿಗೆ ಹರಕೆ ಹೇಳಿಕೊಳ್ಳುವುದು ಬೇಡ. ಡಿಂಗಿ ಮಗುಚುವುದು ಇಲ್ಲಿ ಸೈಕಲ್ಲಿನಿಂದ ಬಿದ್ದಷ್ಟೇ ಮಾಮೂಲು. ಲೈಫ್ ಜಾಕೆಟ್ ಇಲ್ಲದೆ ಯಾರನ್ನೂ ನೀರಿಗೆ ಬಿಡುವುದಿಲ್ಲ, ಎಂಜಿನ್ ದೋಣಿಯೊಂದು ಕಾವಲಿಗೆ ಸುತ್ತುತ್ತಲೇ ಇರುತ್ತದೆ, ನಾನು ನೀರು ಒಳಗಿಳಿಯದಂಥ ಉಡುಪು ತೊಟ್ಟಿದ್ದೆ, ಮರುದಿನ ನನಗೆ ನೆಗಡಿಯೂ ಆಗಲಿಲ್ಲ.

ಈಗ ಪುಟ್ಟನ ದೋಣಿ. ಕಾರವಾರದ ದೇವಬಾಗದಿಂದ ಪ್ರವಾಸಿಗರನ್ನು ಡಾಲ್ಫಿನ್ ತೋರಿಸಲು ಕರೆದೊಯ್ಯುತ್ತೇನೆ, ದೋಣಿ 12 ಲಕ್ಷಕ್ಕೆ ಸಿಗುತ್ತದೆ, ಬ್ಯಾಂಕು 8 ಲಕ್ಷ ಕೊಡುತ್ತದೆ, ಉಳಿದದ್ದಕ್ಕೆ ಆಯಿಯ ಬಳೆ ಮತ್ತು ನನ್ನ ಹೆಸರಿನಲ್ಲಿ ಎತ್ತಿಟ್ಟ ಸರವನ್ನು ಸೊಸೈಟಿಯಲ್ಲಿ ಅಡವಿಡೋಣ ಎಂದು ಅವನು ಹೇಳಿದ್ದಾಗಿ ಬರೆದಿದ್ದೀರಿ. ಅದನ್ನು ಓದಿದ ಮೇಲೆ ಎರಡು ರಾತ್ರಿ ನನಗೆ ನಿದ್ದೆ ಸರಿಯಾಗಿ ಬಂದಿಲ್ಲ. ನನ್ನ ಸರ ಹೋಗುತ್ತದೆಂಬ ಚಿಂತೆ ಖಂಡಿತ ಅಲ್ಲ. ಜೂನ್ ಬಂದರೆ ಕಡಲು ಏಳುತ್ತದೆ, ಪ್ರವಾಸಿಗರ ದೋಣಿಗಳನ್ನು ದಡಕ್ಕೆ ಎಳೆಯಬೇಕು, ಗಣೇಶ ಚೌತಿಯವರೆಗೆ ಒಂದು ರೂಪಾಯಿ ಹುಟ್ಟುವುದಿಲ್ಲ. ಬ್ಯಾಂಕಿನ ಕಂತು ಮಾತ್ರ ಆಷಾಢದಲ್ಲೂ ಬರುತ್ತದೆ. ಎಂಟು ತಿಂಗಳ ದುಡಿಮೆಯಲ್ಲಿ ಹನ್ನೆರಡು ಕಂತು, ಡೀಸೆಲ್, ಜೊತೆಗಾರನ ಸಂಬಳ ಎಲ್ಲ ಹೊರಡಬೇಕು. ಈ ಲೆಕ್ಕವನ್ನು ಅವನಿಂದ ಒಂದು ಹಾಳೆಯ ಮೇಲೆ ಬರೆಸಿ, ನೀವು ಬರೆದುಕೊಡಬೇಡಿ.

ಡಾಲ್ಫಿನ್ ಕಾಣದಿದ್ದರೆ ಹಣ ವಾಪಸ್ ಎಂದು ಬೋರ್ಡು ಹಾಕುತ್ತಾನಂತೆ. ಆ ಒಂದು ಮಾತೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು, ಏಕೆಂದರೆ ಹಾಗೆ ಮಾತು ಕೊಟ್ಟವನು ಅವುಗಳ ಬೆನ್ನಟ್ಟಲೇಬೇಕಾಗುತ್ತದೆ. ಇಲ್ಲಿಗೆ ಹತ್ತಿರ ಚಾನನ್ರಿ ಪಾಯಿಂಟ್ ಎಂಬ ನೆಲದ ಮೂಗು ಇದೆ, ತುದಿಯಲ್ಲಿ 1846ರ ದೀಪಸ್ತಂಭ. ಉಬ್ಬರದ ನೀರು ಆ ಇಕ್ಕಟ್ಟಿನಲ್ಲಿ ನುಗ್ಗುವಾಗ ಸಾಲ್ಮನ್ ಮೀನು ಅದರೊಂದಿಗೆ ಒಳಬರುತ್ತದೆ, ಮೀನಿಗಾಗಿ ಡಾಲ್ಫಿನ್ ಕಾಯುತ್ತವೆ. ದಡದ ಕಲ್ಲುಗಳ ಮೇಲೆ ನಿಂತು ಪುಕ್ಕಟೆಯಾಗಿ ನೋಡಬಹುದು; ಸುಮಾರು ನಾಲ್ಕು ಮೀಟರ್ ಬೆಳೆಯುವ ಪ್ರಾಣಿ ಕಲ್ಲೆಸೆತದ ದೂರದಲ್ಲಿ ಪೂರ್ತಿ ಮೈ ಎತ್ತಿ ಹಾರಿದ್ದನ್ನು ನಾನು ಕಂಡಿದ್ದೇನೆ. ದೋಣಿಯವರೂ ಇದ್ದಾರೆ. ಅವರು ವೇಗ ತಗ್ಗಿಸಿ ಒಂದೇ ದಿಕ್ಕಿನಲ್ಲಿ ಸಾಗುತ್ತಾರೆ, ಹಿಂಡಿನ ನಡುವೆ ನುಗ್ಗುವುದಿಲ್ಲ, ಸ್ವಲ್ಪ ಹೊತ್ತಾದ ಮೇಲೆ ಬಿಟ್ಟು ಹೊರಡುತ್ತಾರೆ. ಡಾಲ್ಫಿನ್ ತಾನು ಹೊರಡಿಸಿದ ಸದ್ದಿನ ಮರುದನಿಯಿಂದಲೇ ಮೀನು ಹುಡುಕುವುದರಿಂದ ಎಂಜಿನ್ನಿನ ಗದ್ದಲ ಅದರ ಊಟವನ್ನೇ ಕಸಿಯುತ್ತದೆ.

ನಮ್ಮ ಕಾಳಿ ಅಳಿವೆಯ ಆಚೆ ಕಾಣುವುದು ಬೆನ್ನ ಮೇಲೆ ಡುಬ್ಬವಿರುವ ಬೇರೆ ಜಾತಿ. ಅವು ದಡ ಬಿಟ್ಟು ದೂರ ಹೋಗದೆ, ಆಳವಿಲ್ಲದ ನೀರಿನಲ್ಲೇ ಬದುಕುತ್ತವೆ; ಇಲ್ಲಿನವುಗಳಂತೆ ಹಾರಾಟವೂ ಕಡಿಮೆ. ನಾಲ್ಕು ದೋಣಿಗಳು ನಾಲ್ಕು ಕಡೆಯಿಂದ ಸುತ್ತುವರಿದರೆ ಅವು ಎಲ್ಲಿಗೆ ಹೋಗಬೇಕು? 1972ರ ವನ್ಯಜೀವಿ ಕಾಯ್ದೆಯಲ್ಲಿ ಡಾಲ್ಫಿನ್ ಮೊದಲನೆಯ ಪಟ್ಟಿಯಲ್ಲಿದೆ, ಹುಲಿಯಿರುವ ಪಟ್ಟಿಯಲ್ಲೇ, ಎಂಬುದನ್ನೂ ಅವನಿಗೆ ತಿಳಿಸಿ.

ಆದ್ದರಿಂದ ನನ್ನ ಬಿನ್ನಹ ಇಷ್ಟು. ಈ ಚೌತಿಯಿಂದ ಮುಂದಿನ ಮೇ ತಿಂಗಳವರೆಗೆ ಪುಟ್ಟ ಸಣ್ಣಮಾವನ ದೋಣಿಯಲ್ಲೇ ಪಾಲಿಗೆ ದುಡಿಯಲಿ, ದಿನದ ಜಮಾಖರ್ಚು ಬರೆದಿಡಲಿ. ಆಮೇಲೂ ಹುಮ್ಮಸ್ಸು ಉಳಿದಿದ್ದರೆ ಆಯಿಯ ಬಳೆ ಮುಟ್ಟದೆ, ಹಳೆಯ ಚಿಕ್ಕ ದೋಣಿಗೆ ಆಗುವಷ್ಟು ಹಣವನ್ನು ನಾನೇ ಕಳುಹಿಸುತ್ತೇನೆ. ಲೈಫ್ ಜಾಕೆಟ್ ಕೊಳ್ಳಲು ಈ ತಿಂಗಳೇ ಬೇರೆ ಹಣ ಹಾಕುತ್ತೇನೆ, ಅದನ್ನು ಬೇರೆ ಯಾವುದಕ್ಕೂ ಬಳಸಕೂಡದು. 2019ರಲ್ಲಿ ಕೂರ್ಮಗಡ ಜಾತ್ರೆಯಿಂದ ಮರಳುವ ದೋಣಿ ಮಗುಚಿದ ಸಂಜೆ ನೀವು ಊಟ ಬಿಟ್ಟು ದಕ್ಕೆಯಲ್ಲಿ ನಿಂತದ್ದನ್ನು ಅವನು ಮರೆತಿರಬಹುದು, ನಾನು ಮರೆತಿಲ್ಲ.

ನನ್ನ ಹಣದ ಬಗ್ಗೆ ಸ್ವಲ್ಪವೂ ಯೋಚಿಸಬೇಡಿ, ನನಗೆ ಇಲ್ಲಿ ಯಾವ ಕೊರತೆಯೂ ಇಲ್ಲ, ಊಟ ಸರಿಯಾಗಿ ಮಾಡುತ್ತಿದ್ದೇನೆ, ಮೊನ್ನೆ ಬಂಗಡೆ ಸಿಕ್ಕಿತು, ಸಾರು ಆಯಿಯದರಷ್ಟೇ ಚೆನ್ನಾಗಿತ್ತು. (ಕೋಕಂ ಮುಗಿದಿದೆ.) ನಿಮ್ಮ ಬಿಪಿ ಮಾತ್ರೆ ತಪ್ಪಿಸಬೇಡಿ. ಸೊಸೈಟಿಗೆ ಹೋಗುವ ಮೊದಲು ನನಗೆ ಒಂದು ಫೋನ್ ಮಾಡಿ, ಎಷ್ಟು ಹೊತ್ತಾದರೂ ಸರಿ. ರಾತ್ರಿ ಪಾಳಿಗೆ ಬಸ್ಸು ಬರುವ ಹೊತ್ತಾಯಿತು, ನಿಲ್ಲಿಸುತ್ತೇನೆ.

ನಿಮ್ಮ ಮಗಳು,
ಸುಮ