ಬ್ಲೀಚಿಂಗ್ ಪೌಡರ್ ಜೊತೆ ನಿಂಬೆಹಣ್ಣು ಬೇಡ

ಸಂಪಾದಕರಿಗೆ ನಮಸ್ಕಾರ,

ನೆಲ ಒರೆಸೋದಕ್ಕೆ, ಪಾತ್ರೆ ತೊಳೆಯೋದಕ್ಕೆ ಬೇಕಾದ್ದನ್ನು ಮನೆಯಲ್ಲೇ ಮಾಡಿಕೊಳ್ಳುವವರು ಈಗ ಜಾಸ್ತಿ ಆಗಿದ್ದಾರೆ. ನಾನೂ ಆರು ವರ್ಷದಿಂದ ಮಾಡುತ್ತಿದ್ದೇನೆ. ಒಳ್ಳೆಯ ಕೆಲಸ, ಎಲ್ಲರೂ ಮಾಡಲಿ. ಆದರೆ ವಾಟ್ಸಾಪ್‌ನಲ್ಲಿ ಓಡಾಡುವ ಟಿಪ್ಸ್ ನೋಡಿದರೆ ಭಯವಾಗುತ್ತದೆ. ಯಾವುದಕ್ಕೆ ಯಾವುದನ್ನು ಬೆರೆಸಬೇಕು ಅಂತ ಹೇಳುತ್ತಾರೆ, ಯಾವುದನ್ನು ಬೆರೆಸಲೇಬಾರದು ಅಂತ ಯಾರೂ ಹೇಳುವುದಿಲ್ಲ.

ಹೋದ ದೀಪಾವಳಿಗೆ ಮುಂಚೆ ನಡೆದದ್ದು. ನಮ್ಮ ಕಟ್ಟಡದ ಮೂರು ಮನೆಗಳಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರು ಬಚ್ಚಲಿಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದ್ದಾರೆ, ಕಲೆ ಹೋಗಲಿಲ್ಲ ಅಂತ ಅದರ ಮೇಲೇ ಟಾಯ್ಲೆಟ್ ತೊಳೆಯುವ ಆಸಿಡ್ ಸುರಿದಿದ್ದಾರೆ. ಕಿಟಕಿ ಮುಚ್ಚಿತ್ತು. ಕೆಮ್ಮುತ್ತಾ, ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಓಡಿ ಬಂದವರು ಮೆಟ್ಟಿಲ ಮೇಲೆ ಕೂತು ಅರ್ಧ ಗಂಟೆ ಉಸಿರಿಗೆ ಒದ್ದಾಡಿದರು. ಅಲ್ಲಿ ಎದ್ದದ್ದು ಕ್ಲೋರಿನ್ ಗಾಳಿ. ಬ್ಲೀಚಿಂಗ್ ಪೌಡರ್‌ಗೆ ನಿಂಬೆರಸ, ವಿನೆಗರ್ ಸೇರಿಸಿದರೂ ಇದೇ ಗಾಳಿ ಏಳುತ್ತದೆ. ನಿಂಬೆಹಣ್ಣು ನೈಸರ್ಗಿಕ ಅಲ್ವಾ, ಏನಾಗುತ್ತೆ ಅಂದುಕೊಳ್ಳಬೇಡಿ. ಬ್ಲೀಚ್ ಜೊತೆಗೆ ಬರೀ ನೀರು, ಬೇರೇನೂ ಬೇಡ.

ಇನ್ನೊಂದು, ಅಡುಗೆ ಸೋಡಾ ಮತ್ತು ವಿನೆಗರ್. ಇದರಲ್ಲಿ ಅಪಾಯವಿಲ್ಲ, ಆದರೆ ಸುಮ್ನೆ ದಂಡ. ಬುಸ್ಸೆಂದು ನೊರೆ ಬರುತ್ತದೆ, ಒಂದು ಇನ್ನೊಂದರ ಶಕ್ತಿ ಕಳೆದು ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಬೇರೆ ಬೇರೆಯಾಗಿ ಬಳಸಿದರೆ ಎರಡೂ ಕೆಲಸಕ್ಕೆ ಬರುತ್ತವೆ. ಜಿಡ್ಡು ಹಿಡಿದ ಒಲೆಗೆ ಸೋಡಾ ಹಚ್ಚಿ ಉಜ್ಜಿ. ಬೋರ್‌ವೆಲ್ ನೀರಿನಿಂದ ನಲ್ಲಿಯ ಮೇಲೆ ಕಟ್ಟುವ ಬಿಳಿ ಕಲೆಗೆ ವಿನೆಗರ್‌ನಲ್ಲಿ ಅದ್ದಿದ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಬಿಡಿ. ಆದರೆ ಅಮೃತಶಿಲೆ, ಕಡಪ ಕಲ್ಲಿನ ಮೇಲೆ ಹುಳಿ ಏನೂ ಬೀಳಬಾರದು. ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಅರ್ಧ ಹೋಳು ನಿಂಬೆಹಣ್ಣು ರಾತ್ರಿಯಿಡೀ ಉಳಿದು ಹೊಳಪು ಹೋದ ಗುರುತು, ಅದೇ ದುಂಡಗೆ, ಇವತ್ತಿಗೂ ಇದೆ.

ನಾನು ಜಾಸ್ತಿ ನಂಬಿರುವುದು ಅಂಟುವಾಳವನ್ನು. ಹತ್ತು ಹನ್ನೆರಡು ಕಾಯಿ ಬೀಜ ತೆಗೆದು ರಾತ್ರಿ ನೆನೆಸಿ, ಬೆಳಿಗ್ಗೆ ಕಾಲು ಗಂಟೆ ಕುದಿಸಿ, ಕಿವುಚಿ ಸೋಸಿದರೆ ಆಯಿತು. ಅಂಗಡಿಯ ಸೋಪಿನಷ್ಟು ನೊರೆ ಬರುವುದಿಲ್ಲ, ಹಾಗಂತ ಕೊಳೆ ಹೋಗಲ್ಲ ಅಂತೇನಿಲ್ಲ. ಹೊರಗಿಟ್ಟರೆ ಎರಡು ದಿನಕ್ಕೆ ಹುಳಿ ವಾಸನೆ ಬರುತ್ತದೆ, ಫ್ರಿಡ್ಜ್‌ನಲ್ಲಿಟ್ಟು ವಾರದೊಳಗೆ ಮುಗಿಸಬೇಕು. ಕಣ್ಣಿಗೆ ಸಿಡಿದರೆ ವಿಪರೀತ ಉರಿ. ಮೀನಿಗಂತೂ ಇದು ವಿಷ, ಆದ್ದರಿಂದ ಕೆರೆ, ಹೊಳೆಯ ದಡದಲ್ಲಿ ಚೆಲ್ಲಬೇಡಿ.

ಹಣ್ಣಿನ ಸಿಪ್ಪೆಯನ್ನು ಹುದುಗಿಸಿ ಮಾಡುವ ತೊಳೆಯುವ ನೀರು, ಬಯೋ ಎಂಜೈಮ್ ಅಂತಾರಲ್ಲ, ಅದರ ಬಗ್ಗೆಯೂ ಹೇಳಲೇಬೇಕು. ಲೆಕ್ಕ ಸುಲಭ. 100 ಗ್ರಾಂ ಬೆಲ್ಲ, 300 ಗ್ರಾಂ ಮೂಸಂಬಿ ಅಥವಾ ನಿಂಬೆ ಸಿಪ್ಪೆ, 1 ಲೀಟರ್ ನೀರು. ಮೂರು ತಿಂಗಳು ಬಿಡಬೇಕು. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗಾಳಿ ಬಿಡಲೇಬೇಕು, ಪಾತ್ರೆ ಪ್ಲಾಸ್ಟಿಕ್‌ದೇ ಆಗಿರಲಿ. ನಮ್ಮ ಪರಿಚಯದವರ ಮನೆಯಲ್ಲಿ ಗಾಜಿನ ಜಾಡಿ ನಡುರಾತ್ರಿ ಒಡೆದು ಚೂರು ಅಡುಗೆಮನೆ ತುಂಬ ಹರಡಿತ್ತು, ಪುಣ್ಯಕ್ಕೆ ಯಾರೂ ಅಲ್ಲಿರಲಿಲ್ಲ. ನೆಲ ಒರೆಸಲು ಇದು ಚೆನ್ನಾಗಿದೆ. ಮನೆಯಲ್ಲಿ ಯಾರಿಗಾದರೂ ವಾಂತಿಭೇದಿ ಆದಾಗ ಮಾತ್ರ ಇದನ್ನು ನೆಚ್ಚಿಕೊಳ್ಳಬೇಡಿ, ಆಗ ಬ್ಲೀಚೇ ಬೇಕು.

2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದದ್ದನ್ನು ಬೆಂಗಳೂರಿನವರು ಮರೆತಿಲ್ಲ. ಅದರಲ್ಲಿ ನಮ್ಮ ನಮ್ಮ ಬಚ್ಚಲಿನ ಸೋಪುನೀರೂ ಇತ್ತು. ನಾನು ಇದನ್ನೆಲ್ಲ ಶುರು ಮಾಡಿದ್ದೇ ಅದಕ್ಕೆ.

ಈಗ ನನ್ನ ಕೋರಿಕೆ ಎರಡು. ಆ ಆಸಿಡ್ ಬಾಟಲಿಯ ಮೇಲೆ ಎಚ್ಚರಿಕೆ ಇತ್ತು, ಇಂಗ್ಲಿಷ್‌ನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ಇಲ್ಲಿ ಮಾರುವ ಬಾಟಲಿಗಳ ಮೇಲೆ ಅದು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಇರುವಂತೆ ಸರ್ಕಾರ ಮಾಡಲಿ. ಎರಡನೆಯದು ನಿಮಗೆ. ಮನೆ ಸ್ವಚ್ಛತೆಯ ಟಿಪ್ಸ್ ಹಾಕುವಾಗಲೆಲ್ಲ ಬೆರೆಸಬಾರದವುಗಳ ಪಟ್ಟಿಯನ್ನು ಪಕ್ಕದಲ್ಲೇ ಹಾಕಿ. ನಾನು ಹೇಳಿದ ಆ ಅಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ. ಬೆಳಿಗ್ಗೆ ನಮ್ಮ ಮನೆಗೆ ಬಂದವರು ನಿಮ್ಮ ಪೇಪರ್ ಮೇಲೆ ಕಣ್ಣಾಡಿಸಿಯೇ ಪೊರಕೆ ಹಿಡಿಯುವುದು.

ಇಂತಿ,
ನಿಮ್ಮ ಓದುಗಿ, ಬೆಂಗಳೂರು