ಶಾಲು ಬೇಡ, ತಡೆದಿಟ್ಟ ವಿದ್ಯಾರ್ಥಿವೇತನ ಕೊಡಿ

ಮಾನ್ಯ ಸಂಪಾದಕರೇ,

ಮೊನ್ನೆಯ ಪ್ರತಿಭಾ ಪುರಸ್ಕಾರದ ವರದಿ ಓದಿ ಮೈಯೆಲ್ಲ ಉರಿಯಿತು. ಗ್ರಾಮೀಣ ಪ್ರತಿಭೆಗಳನ್ನು ಗುರುತಿಸುವುದರಲ್ಲಿ ನಾವೇ ಮುಂದು ಎಂಬ ವೇದಿಕೆಯ ಮಾತು ಅಚ್ಚಾಗಿದೆ. ಬೆಳಿಗ್ಗೆ ಹತ್ತಕ್ಕೆ ಕರೆಸಿದ ಮಕ್ಕಳನ್ನು ಗಣ್ಯರು ಬರುವವರೆಗೆ ಮಧ್ಯಾಹ್ನದ ತನಕ ಕೂರಿಸಿದ್ದು ಅಚ್ಚಾಗಿಲ್ಲ. ಶಾಲು ಹೊದೆಸಿಕೊಂಡವರಲ್ಲಿ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಯೋಜನೆಯಾದ ಎನ್‌ಎಂಎಂಎಸ್‌ಗೆ ಪರೀಕ್ಷೆ ಬರೆದು ಆಯ್ಕೆಯಾದ ಮಕ್ಕಳೂ ಇದ್ದರು. ಅವರ ಖಾತೆಗೆ ಇನ್ನೂ ಒಂದು ರೂಪಾಯಿಯೂ ಬಿದ್ದಿಲ್ಲ.

1963ರಿಂದ ಇದ್ದ ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆ (ಎನ್‌ಟಿಎಸ್‌ಇ) 2021ರ ನಂತರ ನಡೆದೇ ಇಲ್ಲ. ಸರ್ಕಾರಿ, ಅನುದಾನಿತ ಶಾಲೆಯ ಬಡ ಮಕ್ಕಳಿಗೆ ದೊಡ್ಡ ಆಸರೆ ಎಂದರೆ ಎಂಟನೇ ತರಗತಿಯ ಈ ಎನ್‌ಎಂಎಂಎಸ್. ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ. ಅದು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಕಚೇರಿಯವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆಯ್ಕೆಯಾದವರು ಒಂಬತ್ತಕ್ಕೆ ಬಂದ ಮೇಲೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ (ಎನ್‌ಎಸ್‌ಪಿ) ಅರ್ಜಿ ಹಾಕಬೇಕು. ಮೊದಲು ಶಾಲೆ, ಆಮೇಲೆ ಜಿಲ್ಲಾ ಹಂತದ ನೋಡಲ್ ಅಧಿಕಾರಿ ಪರಿಶೀಲಿಸಬೇಕು. ಶಾಲೆಯ ಲಾಗಿನ್‌ನ ಒಟಿಪಿ ವರ್ಗವಾಗಿ ಹೋದ ಮುಖ್ಯಶಿಕ್ಷಕರ ಮೊಬೈಲಿಗೆ ಹೋಗುತ್ತದೆ. ಮಗುವಿನ ಹೆಸರಿಗೆ ಶಾಲಾ ದಾಖಲೆಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಪಾಸ್‌ಬುಕ್‌ನಲ್ಲಿ ಇಲ್ಲವೇ ಇಲ್ಲ. ಖಾತೆ ಇದ್ದರೂ ಆಧಾರ್ ಜೋಡಣೆಯಾಗಿರುವುದಿಲ್ಲ. ಇಷ್ಟನ್ನು ಪರೀಕ್ಷೆಯ ಅರ್ಜಿ ತುಂಬುವಾಗಲೇ, ಎಂಟನೇ ತರಗತಿಯಲ್ಲೇ ನೋಡಿ ಸರಿಪಡಿಸಿದ್ದರೆ ಮುಗಿಯುತ್ತಿತ್ತು. ಈಗ ನಾಡಕಚೇರಿ, ಬ್ಯಾಂಕು, ಸೈಬರ್ ಸೆಂಟರ್ ಎಂದು ಕೂಲಿ ಬಿಟ್ಟು ಅಲೆಯುತ್ತಿರುವವರು ನಾವು. ಮರುವರ್ಷ ನವೀಕರಣಕ್ಕೆ ಮತ್ತದೇ ಗೋಳು. ಎಸ್ಸೆಸ್ಸೆಲ್ಸಿಯಲ್ಲಿ ಶೇ 60 (ಪರಿಶಿಷ್ಟರಿಗೆ ಶೇ 55) ಬರದಿದ್ದರೆ ಅಥವಾ ಖಾಸಗಿ ಕಾಲೇಜು ಸೇರಿದರೆ ಹಣ ನಿಲ್ಲುತ್ತದೆ ಎಂದು ಮುಂಚೆ ಹೇಳುವವರಿಲ್ಲ.

ಪರೀಕ್ಷೆಯ ತಯಾರಿಯಾದರೂ ನಡೆಯುತ್ತದೆಯೇ? ಎರಡು ಪತ್ರಿಕೆ, ಒಂದೊಂದರಲ್ಲೂ 90 ಪ್ರಶ್ನೆ, 90 ನಿಮಿಷ. ಸಂಖ್ಯಾಶ್ರೇಣಿ, ಸಂಕೇತ, ಕನ್ನಡಿ ಬಿಂಬದ ಪ್ರಶ್ನೆಗಳನ್ನು ನಮ್ಮ ಮಕ್ಕಳು ಮೊದಲು ನೋಡುವುದೇ ಪರೀಕ್ಷಾ ಕೊಠಡಿಯಲ್ಲಿ. ಉತ್ತರ ಗೊತ್ತಿದ್ದೂ ಒಂದು ಪ್ರಶ್ನೆ ಬಿಟ್ಟು ಮುಂದೆ ಹೋಗಿ, ವೃತ್ತ ತುಂಬುವ ಒಎಂಆರ್ ಉತ್ತರ ಹಾಳೆಯಲ್ಲಿ ಅದರ ಸಾಲು ಬಿಡದೆ ತುಂಬಿದರೆ ಅಲ್ಲಿಂದಾಚೆ ಎಲ್ಲವೂ ತಪ್ಪು. ಜೂನ್‌ನಿಂದ ಪ್ರತಿ ಶನಿವಾರ ಒಂದು ಗಂಟೆ, ಒಎಂಆರ್ ಹಾಳೆಯ ಜೆರಾಕ್ಸ್ ಕೊಟ್ಟು ಗಡಿಯಾರ ಇಟ್ಟು ಬರೆಸಿದರೆ ಸಾಕು. ಇದಕ್ಕೆ ಬೇಕಿರುವುದು ಅನುದಾನವಲ್ಲ, ಮನಸ್ಸು.

ಅದಕ್ಕಿಂತ ದೊಡ್ಡ ಅನ್ಯಾಯ ನಾಲ್ಕು, ಐದನೇ ತರಗತಿಯಲ್ಲೇ ಆಗಿಹೋಗುತ್ತದೆ. ದುಂಡು ಅಕ್ಷರದವರು, ತುಟಿ ಬಿಚ್ಚದೆ ಕೂರುವವರು ಜಾಣರು. ಲೆಕ್ಕ ಬೇಗ ಮುಗಿಸಿ ಪಕ್ಕದವರನ್ನು ಕೆಣಕುವ ಹುಡುಗ ತರಲೆ. ಬಾಗೇಪಲ್ಲಿ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಬಾಯಿಲೆಕ್ಕದಲ್ಲಿ ಚುರುಕಾದ ಮಗು ಕನ್ನಡದ ವಾಕ್ಯಲೆಕ್ಕ ಓದಿ ಅರ್ಥ ಮಾಡಿಕೊಳ್ಳಲು ತಡವರಿಸಿದರೆ ಅದಕ್ಕೆ ದಡ್ಡನ ಹಣೆಪಟ್ಟಿ. ಅದೇ ಲೆಕ್ಕವನ್ನು ಬಾಯಲ್ಲಿ ಹೇಳಿ, ಚಿತ್ರ ಬರೆದು, ಅಂಕಿ ಜೋಡಿಸಿ ಕೇಳಿ ನೋಡಿ. ಉತ್ತರ ಹೇಗೆ ಬಂತು ಎಂದೂ ಕೇಳಿ. ಚುರುಕು ತಾನಾಗಿ ಕಾಣುತ್ತದೆ. ಕಂಡ ಮೇಲೆ ಅದೇ ಬಗೆಯ ಇನ್ನೂ ಇಪ್ಪತ್ತು ಲೆಕ್ಕ ಕೊಟ್ಟು ಸುಸ್ತು ಮಾಡಬೇಡಿ. ಅದೇ ಪಾಠದ ಕಷ್ಟದ ಒಂದು ಲೆಕ್ಕ ಕೊಡಿ, ಗಣಿತದ ಪೀರಿಯಡ್‌ಗೆ ಮೇಲಿನ ತರಗತಿಯಲ್ಲಿ ಕೂರಿಸಿ. ಹಿಂದುಳಿದವರಿಗೆ ಪರಿಹಾರ ಬೋಧನೆ ಇರಲೇಬೇಕು, ಆದರೆ ಮುಂದಿರುವವರ ಹಸಿವೂ ಹಸಿವೇ. ಗೌರಿಬಿದನೂರಿನ ಹೊಸೂರಿನಿಂದ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರಂಥವರು ಬಂದ ಜಿಲ್ಲೆ ಇದು!

ಆದರೆ ಹೇಳಿಕೊಡಬೇಕಾದ ಮೇಷ್ಟ್ರು ಶಾಲೆಯಲ್ಲಿದ್ದರೆ ತಾನೆ? ಮತದಾರರ ಪಟ್ಟಿ, ಸಮೀಕ್ಷೆ, ಮೊಟ್ಟೆಯ ಲೆಕ್ಕ ಎಲ್ಲವೂ ಅವರ ತಲೆಗೇ. ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ಅರ್ಧ ಪಾಠ ಮುಗಿದಿರಬೇಕು. ಎಂಟನೇ ತರಗತಿಗೆ ಕೊಡುತ್ತಿದ್ದ ಸೈಕಲ್ಲೂ ಹೋಯಿತು. ಪರೀಕ್ಷೆಯನ್ನು ಭಾನುವಾರ ಇಡುತ್ತಾರೆ. ಅವತ್ತು ಹಳ್ಳಿಗಳಿಗೆ ಬಸ್ಸೇ ಕಡಿಮೆ. ದೂರು ಹೇಳಲು ಹೋದರೆ ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ. ಯಾವಾಗ ಹೋದರೂ ಮೀಟಿಂಗ್!

ಸಂಬಂಧಪಟ್ಟವರು ಕೂಡಲೇ ಬಾಕಿ ಅರ್ಜಿಗಳನ್ನು ವಿಲೇವಾರಿ ಮಾಡಬೇಕು. ಶಾಲೆಗಳಲ್ಲಿ ಬುದ್ಧಿವಂತ ಮಕ್ಕಳ ಕಡೆ ಗಮನವನ್ನೂ ಕೊಡಬೇಕು. ಇದಾವುದೂ ಆಗದಿದ್ದರೆ ಮಕ್ಕಳನ್ನು ಹಸಿದ ಹೊಟ್ಟೆಯಲ್ಲಿ ಕೂರಿಸಿ ಫೋಟೊ ತೆಗೆಸಿಕೊಳ್ಳುವುದನ್ನಾದರೂ ನಿಲ್ಲಿಸಲಿ. ನಾಚಿಕೆಯಾಗಬೇಕು ಇವರಿಗೆ.

– ನೊಂದ ಪೋಷಕರು ಮತ್ತು ನಿವೃತ್ತ ಶಿಕ್ಷಕರು, ಚಿಕ್ಕಬಳ್ಳಾಪುರ ಜಿಲ್ಲೆ